ತೂಬಿಲ್ಲದ ಕೆರೆ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಈ ನೀರು ಕುಡಿಯಬಹುದಾ? ಅದನ್ನ ಹೇಳುತ್ತಾ ನಿನ್ನ ಡ್ರೋನ್?"

ಕೇಳಿದ್ದು ನಮ್ಮ ದೋಣಿ ನಡೆಸುತ್ತಿದ್ದ ಇನ್ಯೂಪಿಯಾಕ್ ಅಜ್ಜ, ಅಂದರೆ ಅಲ್ಲಿನ ಮೂಲನಿವಾಸಿ. ಅಲಾಸ್ಕಾದ ಕಾಟ್ಜೆಬ್ಯೂ ಹತ್ತಿರದ ತುಂಡ್ರಾ ಅದು. ಮರವಿಲ್ಲದ ಬಯಲು, ವಿಲ್ಲೋ ಪೊದೆ, ಕಾಲಿಟ್ಟರೆ ಹಾಸಿಗೆಯಂತೆ ತಗ್ಗುವ ಪಾಚಿ. ಸೊಳ್ಳೆ ಬಗ್ಗೆ ಹೇಳದಿರುವುದೇ ಒಳ್ಳೆಯದು. ಬೀವರ್‌ಗಳು ಕಟ್ಟಿದ ಕೊಳಗಳ ಫೋಟೋ ತೆಗೆಯುವುದು ನಮ್ಮ ಕೆಲಸ. ಬೀವರ್ ಅಂದರೆ ಹೊಳೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸುವ, ಇಲಿ ಜಾತಿಯ ದೊಡ್ಡ ಪ್ರಾಣಿ.

ಡ್ರೋನ್ ಹೊಲ ಉಳುವ ಹಾಗೆ ಸಾಲು ಹಿಡಿದು ಹೋಗಿಬರುತ್ತದೆ. ಒಂದು ಫೋಟೋದಲ್ಲಿ ಕಂಡ ಜಾಗದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರಬೇಕು. ಇಲ್ಲದಿದ್ದರೆ ಆಮೇಲೆ ಹೊಲಿದು ಒಂದೇ ಚಿತ್ರ ಮಾಡುವಾಗ ಕೂರುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ ಅಂತ ಅವನ್ನು ಜಾಕೆಟ್ ಒಳಗೆ ಮರಿ ಹಾಗೆ ಇಟ್ಟುಕೊಂಡಿರುತ್ತೇನೆ.

ಅವತ್ತು ಸ್ಕ್ರೀನ್‌ನಲ್ಲಿ ಒಂದು ಕೊಳ ಕಂಡಿತು ನೋಡಿ, ನಾನು ಶಿರಾ ಕಡೆಯವನು, ಮೈ ಜುಂ ಎಂದಿತು. ಕೆಸರು, ಕಡ್ಡಿ ಸೇರಿಸಿ ಕಟ್ಟಿದ ಬಾಗಿದ ಏರಿ. ಒಂದು ತುದಿಯಲ್ಲಿ ನೀರು ಕೋಡಿ ಬಿದ್ದು ಹರಿಯುತ್ತಿದೆ. ತೂಬು ಒಂದಿಲ್ಲ ಅಷ್ಟೆ! ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುತ್ತಾರೆ. ಫೋನ್‌ನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ "ನಮ್ಮೂರಿಗೂ ಎರಡು ಬೀವರ್ ಕಳಿಸೋ" ಅಂದಿದ್ದಳು.

ಅದೇ ಖುಷಿಯಲ್ಲಿ ಅಜ್ಜನಿಗೆ ತೋರಿಸಿದೆ. "ಎಷ್ಟು ಚೆನ್ನಾಗಿ ಕಟ್ಟಿವೆ ನೋಡಿ." ಅವರು ತೋಳಿನಿಂದ ಸ್ಕ್ರೀನ್ ಒರೆಸಿ, ಏರಿಯ ಮೇಲೆ ಬೆರಳಿಟ್ಟರು. "ಚಿಕ್ಕವನಿದ್ದಾಗ ಇಲ್ಲಿ ದೋಣಿ ನೇರ ಹೋಗುತ್ತಿತ್ತು. ಈಗ ಇಳಿದು ಎಳೆಯಬೇಕು." ಆಮೇಲೆ ಆ ಪ್ರಶ್ನೆ.

ನಾನು ಬಾಯಿ ಬಿಡುವಷ್ಟರಲ್ಲಿ ತಂಡದ ಇನ್ನೊಬ್ಬ ಶುರು ಮಾಡಿದ. ಒಳ್ಳೆಯವನೇ, ಆದರೆ ಎರಡು ನಿಮಿಷ ಸುಮ್ನಿದ್ದರೆ ಹುಷಾರಿಲ್ಲವೇನೋ ಅಂದುಕೊಳ್ಳಬೇಕು. ಕಾಟ್ಜೆಬ್ಯೂ ಸುತ್ತಿನ 100 ಚದರ ಕಿಲೋಮೀಟರಿನಲ್ಲಿ 2002ರಲ್ಲಿ 2 ಅಣೆಕಟ್ಟು ಇದ್ದವು, 2019ಕ್ಕೆ 98 ಆಗಿವೆ ಅಂದ. ಬಿಸಿ ಏರುತ್ತಿದೆ, ಪೊದೆ ಜಾಸ್ತಿಯಾಗಿದೆ, ಅದಕ್ಕೇ ಬೀವರ್ ಉತ್ತರಕ್ಕೆ ಬರುತ್ತಿದೆ ಅಂದ. ನಿಂತ ನೀರಿನ ಶಾಖಕ್ಕೆ ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಿ ಮೀಥೇನ್ ಹೊರಬರುತ್ತದೆ ಎಂದೂ ಹೇಳಿದ. ಎಲ್ಲ ನಿಜವೇ. ಅಜ್ಜ ತಲೆ ಆಡಿಸಿದರು. "98ಆ? ನಾನು ಇನ್ನೂ ಜಾಸ್ತಿ ಅಂದುಕೊಂಡಿದ್ದೆ." ಎಂಜಿನ್ ಶುರು ಮಾಡಿದರು.

ಅವರು ಕೇಳಿದ್ದಕ್ಕೆ ಉತ್ತರ ಯಾರೂ ಕೊಡಲಿಲ್ಲ. ಬೀವರ್ ಹಿಕ್ಕೆ ಬಿದ್ದ ನೀರಿನಲ್ಲಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಇರಬಹುದು. ನೂರು ಮೀಟರ್ ಮೇಲಿನಿಂದ ಅದು ಹೇಗೆ ಕಾಣಬೇಕು? ನನಗೆ ನಾಚಿಕೆಯಾಗಿದ್ದು ಅದಕ್ಕಲ್ಲ. ನೀರು ನಿಂತರೆ ಒಳ್ಳೆಯದು ಅಂತ ಹುಟ್ಟಿದಾಗಿನಿಂದ ನಂಬಿದ್ದೇನೆ. ಬರ ಕಂಡವರಿಗೆ ಬೇರೆ ಹೇಗೆ ಅನ್ನಿಸೀತು, ಅಲ್ವಾ? ಅವರಿಗೆ ಹರಿಯುವ ನೀರೇ ದಾರಿ, ಮೀನು, ಚಹಾ. ಅದರ ಮುಂದೆ ನಿಂತು ನಾನು ಏರಿಯನ್ನು ಹೊಗಳುತ್ತಿದ್ದೆ.

ನಿನ್ನೆ ರಾತ್ರಿ ಫೋಟೋಗಳನ್ನು ಹೊಲಿದೆ. ಕೊಳಗಳೆಲ್ಲ ಚೆನ್ನಾಗಿ ಬಂದಿವೆ. ಮೂಲೆಯಲ್ಲಿ ನಮ್ಮ ದೋಣಿ. ದೊಡ್ಡದು ಮಾಡಿದರೆ ಅಜ್ಜನ ಟೋಪಿ, ಪಕ್ಕದಲ್ಲಿ ಒಂದು ನೀಲಿ ಚೌಕ. ಊರಿನಿಂದ ತುಂಬಿಸಿ ತಂದಿದ್ದ ನೀರಿನ ಕ್ಯಾನ್.