ಹಸು-ಕರುವಿನಿಂದ ಕಮಲದವರೆಗೆ: ದಾರದಹಳ್ಳಿ ಕಡೆಗೊಂದು ಸುತ್ತು

ಹಾಸನದಿಂದ ಬೆಳಿಗ್ಗೆ ಏಳಕ್ಕೆ ಹೊರಡೋಣ ಅಂತ ಮಾತಾಗಿತ್ತು. ಹೊರಟಿದ್ದು ಎಂಟೂವರೆಗೆ. ಚಿಕ್ಕಪ್ಪನ ಮಫ್ಲರ್ ಸಿಗಲಿಲ್ಲ. ಮಫ್ಲರ್ ಇಲ್ಲದೆ ಅವರು ಮಲೆನಾಡಿನ ಕಡೆ ಮುಖ ಮಾಡುವುದಿಲ್ಲ. ನವೆಂಬರ್ ಚಳಿ ಬೇರೆ. ಕೊನೆಗೆ ಅದು ಸಿಕ್ಕಿದ್ದು ಅವರದೇ ಕುರ್ಚಿಯ ಮೇಲೆ, ಅವರು ಅದರ ಮೇಲೆಯೇ ಕೂತಿದ್ದರು.

ನಾನು ನೋಡಬೇಕು ಅಂದುಕೊಂಡಿದ್ದು ಮೂಡಿಗೆರೆ ಹತ್ತಿರದ ದಾರದಹಳ್ಳಿ. ಅಲ್ಲಿ ಜಲಪಾತ ಇಲ್ಲ, ವ್ಯೂ ಪಾಯಿಂಟ್ ಇಲ್ಲ. ಡಿ.ಬಿ. ಚಂದ್ರೇಗೌಡರ ಊರು ಅದು. ಹೆಸರಿನಲ್ಲಿರುವ ‘ಡಿ’ ಅಂದರೆ ದಾರದಹಳ್ಳಿಯೇ. 1978ರಲ್ಲಿ ಇಂದಿರಾ ಗಾಂಧಿಗೆ ತಮ್ಮ ಲೋಕಸಭಾ ಸೀಟು ಬಿಟ್ಟುಕೊಟ್ಟವರು. ಒಟ್ಟು ಎಷ್ಟು ಪಕ್ಷ ನೋಡಿದರು ಅಂತ ಲೆಕ್ಕ ಹಾಕಲು ಒಂದು ಕೈಯ ಬೆರಳು ಸಾಕಾಗುವುದಿಲ್ಲ. ಟಿವಿಯಲ್ಲಿ ಯಾರೋ ಪಕ್ಷಾಂತರಿಯನ್ನು ನೋಡಿ ನಾನು ಒಂದು ದಿನ ಜೋರಾಗಿ ಬೈದೆ. ಚಿಕ್ಕಪ್ಪ, “ಎಲ್ರನ್ನೂ ಒಂದೇ ತಕ್ಕಡೀಲಿ ಹಾಕ್ಬೇಡ, ಕಪ್ಪೆ ತೂಗಿದ ಹಾಗಾಗುತ್ತೆ” ಅಂದರು. ಈ ಪ್ರವಾಸ ಹುಟ್ಟಿದ್ದು ಆ ಜಗಳದಿಂದ.

ಬೇಲೂರಿಗೆ ಸುಮಾರು 40 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಮಾತಾಡುತ್ತಾ ಹೋದರೆ ಗೊತ್ತೇ ಆಗುವುದಿಲ್ಲ. ದೇವಸ್ಥಾನ ನೂರು ಸಲ ನೋಡಿದ್ದೇವೆ, ಈ ಸಲ ಹೊರಗೆ ಕಾಫಿ ಮಾತ್ರ. ಚಿಕ್ಕಪ್ಪ ಗೋಪುರದ ಕಡೆ ಕೈ ತೋರಿಸಿ, “ನಿನ್ನ ಲೆಕ್ಕದಲ್ಲಿ ನಮ್ಮ ಕಡೆಯ ಮೊದಲ ಪಕ್ಷಾಂತರಿ ಇವನೇ” ಅಂದರು. ಬಿಟ್ಟಿದೇವ. ಜೈನನಾಗಿದ್ದವನು ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಅಂತ ಐತಿಹ್ಯ. 1117ರಲ್ಲಿ ಈ ಗುಡಿ ಕಟ್ಟಿಸಿದ. ರಾಣಿ ಶಾಂತಲೆ ಮಾತ್ರ ಜೈನಳಾಗಿಯೇ ಉಳಿದಳು. ಹೊಯ್ಸಳರ ಮೂಲ ಇರುವುದೂ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರಿನಲ್ಲಿ. ಅಲ್ಲಿಂದ ಬೇಲೂರು, ಬೇಲೂರಿನಿಂದ ಹಳೇಬೀಡು. ತಮಾಷೆಗೆ ಹೇಳಿದ್ದಾದರೂ ನನಗೆ ಹೋಲಿಕೆ ಅಷ್ಟು ಹಿಡಿಸಲಿಲ್ಲ. ರಾಜನಿಗೆ ಯಾರ ವೋಟೂ ಬೇಕಿರಲಿಲ್ಲ ಅಲ್ವಾ?

ಬೇಲೂರು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಜೋಳದ ಹೊಲ ಮುಗಿದು ಸಿಲ್ವರ್ ಓಕ್ ಶುರು. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಅರೇಬಿಕಾ ಅಲ್ಲಲ್ಲಿ ಕೆಂಪಾಗಿತ್ತು. ಇಂಥ ಒಂದು ತಿರುವಿನಲ್ಲಿ ಟೈರ್ ಪಂಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಮನೆಯಲ್ಲಿ ಯಾರಿಗೋ ಕೊಟ್ಟವನು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ. ಒಂದು ಪಿಕಪ್ ಗಾಡಿಯವನು ನಿಲ್ಲಿಸುವವರೆಗೆ ಮುಕ್ಕಾಲು ಗಂಟೆ ಮೋರಿಕಟ್ಟೆಯ ಮೇಲೆ ಕೂತೆವು. ಚಿಕ್ಕಪ್ಪ 1978 ಹೇಳಿದ್ದು ಅಲ್ಲಿ.

1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಇಂದಿರಾ ರಾಯ್‌ಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಬಂತು. ಚಿಕ್ಕಮಗಳೂರಲ್ಲಿ ಚಂದ್ರೇಗೌಡರು ಗೆದ್ದರು, 1971ರ ನಂತರ ಎರಡನೇ ಸಲ. ಪಕ್ಕದ ನಮ್ಮ ಹಾಸನ ಜನತಾ ಕಡೆ ಹೋಯಿತು. ಮುಂದಿನ ವರ್ಷ ಇಂದಿರಾಗೆ ಸಂಸತ್ತಿಗೆ ಹೋಗಲು ಒಂದು ಗಟ್ಟಿ ಕ್ಷೇತ್ರ ಬೇಕಾಯಿತು. ಆಗ ದೇವರಾಜ ಅರಸು ಮುಖ್ಯಮಂತ್ರಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟರು. ಎದುರಿಗೆ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. ಜಾರ್ಜ್ ಫರ್ನಾಂಡಿಸ್ ಬಂದು ಪಾಟೀಲರ ಪರ ಪ್ರಚಾರ ಮಾಡಿದರು.

“ಅಷ್ಟು ಜನ ಪತ್ರಕರ್ತರನ್ನ ನಾನು ಮತ್ತೆ ಯಾವತ್ತೂ ನೋಡಿಲ್ಲ” ಅಂದರು ಚಿಕ್ಕಪ್ಪ. ಆಗ ಅವರು ಚಿಕ್ಕಮಗಳೂರಲ್ಲಿ ಓದುತ್ತಿದ್ದರು. ಗೋಡೆ ತುಂಬ ಕೈ ಗುರುತು. ಹಿಂದಿನ ವರ್ಷ ಇದ್ದದ್ದು ಹಸು-ಕರು. ನಡುವೆ ಪಕ್ಷ ಒಡೆದು ಇಂದಿರಾ ಪಾಲಿಗೆ ಹೊಸ ಗುರುತು ಬಂದಿತ್ತು. ಹಳ್ಳಿಯ ಮುದುಕಿಯರಿಗೆ “ಹಸು ಅಲ್ಲಮ್ಮ, ಹಸ್ತ, ಹಸ್ತ” ಅಂತ ಅಂಗೈ ತೋರಿಸಿ ಹೇಳಿಕೊಡುತ್ತಿದ್ದರಂತೆ. ಹಿಂದಿಯವರು ಬಂದು “ಏಕ್ ಶೇರ್ನಿ ಸೌ ಲಂಗೂರ್” ಅಂತ ಕೂಗುವುದನ್ನು ಕೇಳಿ ಹುಡುಗರು ಅರ್ಥ ಗೊತ್ತಿಲ್ಲದೆ ತಾವೂ ಕೂಗಿದರು. ಶೇರ್ನಿ ಅಂದರೆ ಹೆಣ್ಣು ಸಿಂಹ, ಲಂಗೂರ್ ಅಂದರೆ ಮುಸುವ ಅಂತ ಆಮೇಲೆ ಗೊತ್ತಾಯಿತು. ನವೆಂಬರ್‌ನಲ್ಲಿ ಫಲಿತಾಂಶ ಬಂದಾಗ ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದಿದ್ದರು.

ಚಿಕ್ಕಪ್ಪ ವೋಟು ಹಾಕಲಿಲ್ಲ. ಹಾಕುವ ಹಾಗಿರಲಿಲ್ಲ. ಆಗ ಮತದಾನದ ವಯಸ್ಸು 21, ಅವರಿಗೆ 20. ಆ ಸಂಕಟ ಇನ್ನೂ ಇದೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. “ದೇಶಾನೇ ನಮ್ಮೂರಿಗೆ ಬಂದಿತ್ತು, ನಾನು ಬೂತ್ ಹೊರಗೆ ಚೀಟಿ ಬರೀತಾ ಕೂತಿದ್ದೆ” ಅಂದರು.

ಅಷ್ಟು ಸದ್ದು ಮಾಡಿ ಗೆದ್ದ ಸೀಟು ಉಳಿದದ್ದು ಸುಮಾರು ಆರೇ ವಾರ. ಡಿಸೆಂಬರ್‌ನಲ್ಲಿ ಲೋಕಸಭೆ ಇಂದಿರಾರನ್ನು ಹಕ್ಕುಚ್ಯುತಿ ವಿಷಯದಲ್ಲಿ ಹೊರಹಾಕಿತು, ಅಧಿವೇಶನ ಮುಗಿಯುವ ತನಕ ತಿಹಾರ್ ಜೈಲಿಗೆ ಕಳಿಸಿತು. 1980ರಲ್ಲಿ ಅವರು ನಿಂತಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಚಿಕ್ಕಮಗಳೂರಿನಿಂದ ಮತ್ತೆ ನಿಲ್ಲಲೇ ಇಲ್ಲ.

ಸೀಟು ಬಿಟ್ಟವರ ಕಥೆ ಇನ್ನೂ ವಿಚಿತ್ರ. ಚಂದ್ರೇಗೌಡರು ವಿಧಾನ ಪರಿಷತ್ತಿಗೆ ಬಂದು ಅರಸು ಸಂಪುಟದಲ್ಲಿ ಮಂತ್ರಿಯಾದರು. 1979ರಲ್ಲಿ ಅರಸು ಮತ್ತು ಇಂದಿರಾ ದೂರವಾದರು. ಇವರು ಹೋದದ್ದು ಅರಸು ಹಿಂದೆ. ಯಾರಿಗಾಗಿ ಸೀಟು ಬಿಟ್ಟರೋ ಅವರನ್ನೇ ಒಂದು ವರ್ಷದೊಳಗೆ ಬಿಟ್ಟರು. ಇದನ್ನು ನಿಷ್ಠೆ ಅನ್ನಬೇಕೋ ಪಕ್ಷಾಂತರ ಅನ್ನಬೇಕೋ ಅಂತ ಮೋರಿಕಟ್ಟೆಯ ಮೇಲೆ ಇಬ್ಬರೂ ಒಂದಷ್ಟು ಹೊತ್ತು ಕಿತ್ತಾಡಿದೆವು. ಲಾಭದ ಲೆಕ್ಕ ನೋಡಿದರೆ ಅದು ಪೆದ್ದ ಕೆಲಸ. 1980ರಲ್ಲಿ ಇಂದಿರಾ ಪಕ್ಷ ರಾಜ್ಯದ 28ರಲ್ಲಿ 27 ಸೀಟು ಬಾಚಿತು, ಅರಸು ಕುರ್ಚಿ ಹೋಯಿತು. ನನ್ನ ಸಿಟ್ಟು ಸ್ವಲ್ಪ ಇಳಿದದ್ದು ಇಲ್ಲಿ. ಗೆಲ್ಲುವ ಕುದುರೆ ನೋಡಿ ಹತ್ತಿದ್ದಾದರೆ ಇದನ್ನು ಹತ್ತುತ್ತಿರಲಿಲ್ಲ.

ಪಿಕಪ್ ಹುಡುಗ ಟೈರ್ ಹಾಕಿಕೊಟ್ಟ. ದುಡ್ಡು ಬೇಡ ಅಂದ, ಕಿತ್ತಳೆ ಹಣ್ಣು ಕೊಟ್ಟರೆ ತಗೊಂಡ.

ಮೂಡಿಗೆರೆಯಲ್ಲಿ ಊಟ. ಅಕ್ಕಿರೊಟ್ಟಿ, ಕಾಳಿನ ಪಲ್ಯ, ಖಾರ ಸ್ವಲ್ಪ ಜಾಸ್ತಿ. ಅಲ್ಲಿಂದ ದಾರದಹಳ್ಳಿ ದೂರ ಏನಲ್ಲ. ಊರು ಅಂದರೆ ತೋಟಗಳ ನಡುವೆ ಚದುರಿದ ಮನೆಗಳು. ಹೆಂಚಿನ ಮಾಡು, ಅಂಗಳದಲ್ಲಿ ಅಡಿಕೆ, ಯಾರನ್ನೋ ಕರೆಯುತ್ತಿರುವ ನಾಯಿ. ಚಂದ್ರೇಗೌಡರು ಹುಟ್ಟಿದ್ದು ಇಲ್ಲಿ, 1936ರಲ್ಲಿ. ತೀರಿಕೊಂಡದ್ದೂ ಇಲ್ಲೇ, 2023ರ ನವೆಂಬರ್‌ನಲ್ಲಿ, 87ನೇ ವಯಸ್ಸಿನಲ್ಲಿ. ಅವರ ಮನೆ ಕೇಳಿ ಹೋಗಿ ಫೋಟೊ ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಕಾರು ಬದಿಗೆ ಹಾಕಿ ರಸ್ತೆಯಲ್ಲಿ ಸುಮ್ನೆ ನಡೆದೆವು.

ನಡೆಯುತ್ತಾ ಚಿಕ್ಕಪ್ಪ ಗುರುತುಗಳಲ್ಲೇ ಲೆಕ್ಕ ಒಪ್ಪಿಸಿದರು. ಶುರು ಪ್ರಜಾ ಸೋಷಿಯಲಿಸ್ಟ್ ಪಕ್ಷ. ಆಮೇಲೆ ಹಸು-ಕರು, ಎರಡು ಸಲ ಲೋಕಸಭೆ. ಅರಸು ಕಾಂಗ್ರೆಸ್. 1983ರಲ್ಲಿ ನೇಗಿಲು ಹೊತ್ತ ರೈತ, ಅಂದರೆ ಜನತಾ ಪಕ್ಷ. ತೀರ್ಥಹಳ್ಳಿಯಿಂದ ಗೆದ್ದು ರಾಮಕೃಷ್ಣ ಹೆಗಡೆ ಕಾಲದಲ್ಲಿ ವಿಧಾನಸಭೆಯ ಸ್ಪೀಕರ್. ನಡುವೆ ರಾಜ್ಯಸಭೆ. 1989ರಲ್ಲಿ ಜನತಾದಳದ ಚಕ್ರ, ಮತ್ತೆ ತೀರ್ಥಹಳ್ಳಿ, ವಿರೋಧ ಪಕ್ಷದ ನಾಯಕ. 1999ರಲ್ಲಿ ಶೃಂಗೇರಿಯಿಂದ ಕೈ, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಾನೂನು ಮಂತ್ರಿ. 2009ರಲ್ಲಿ ಕಮಲ, ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಮತ್ತೆ ಲೋಕಸಭೆ. ನಾಲ್ಕೂ ಸದನ ನೋಡಿದ ಅಪರೂಪದ ಮನುಷ್ಯ. ಸೀಟು ಬಿಟ್ಟು ಮತ್ತೆ ಆ ಸದನದ ಮೆಟ್ಟಿಲು ಹತ್ತಲು 31 ವರ್ಷ ಬೇಕಾಯಿತು.

ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ. ಯಾರು ಪಕ್ಷಾಂತರಿ ಅಂತ ತೀರ್ಪು ಕೊಡುವ ಕೆಲಸ ಸ್ಪೀಕರ್‌ದು. ಚಂದ್ರೇಗೌಡರು ಆ ಕುರ್ಚಿಯಿಂದ ಇಳಿದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಾಯ್ದೆ ಬಂದ ಮೇಲೆ ಜಿಗಿತ ನಿಂತಿತಾ? 2019ರಲ್ಲಿ ನಮ್ಮಲ್ಲೇ 17 ಶಾಸಕರು ಅನರ್ಹರಾದರು. ಅವರಲ್ಲಿ ಹಲವರು ಅದೇ ವರ್ಷ ಉಪಚುನಾವಣೆ ಗೆದ್ದು ಬಂದರು. ಈಗಿನವರು ಸೀಟು ಬಿಡುವುದು ವಾಪಸ್ ತಗೊಳ್ಳಲಿಕ್ಕೆ. ಆ ಒಂದು ವಿಷಯದಲ್ಲಿ ಚಿಕ್ಕಪ್ಪನ ತಕ್ಕಡಿ ಸರಿ ಇತ್ತು ಅಂತ ಒಪ್ಪಿಕೊಂಡೆ. ಕಮಲದ ವಿಷಯದಲ್ಲಿ ಒಪ್ಪಲಿಲ್ಲ. ಸೋಷಿಯಲಿಸ್ಟ್ ಆಗಿ ಶುರು ಮಾಡಿದವರು ಅಲ್ಲಿಗೆ ಹೇಗೆ ಬಂದರು ಅನ್ನುವುದು ನನಗೆ ಈಗಲೂ ಬಗೆಹರಿದಿಲ್ಲ. ಚಿಕ್ಕಪ್ಪನಿಗೂ ಬಗೆಹರಿದಿಲ್ಲ, ಆದರೆ ಅವರು ಅದನ್ನು ಹೇಳುವುದಿಲ್ಲ.

ಸಂಜೆ ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಬಂದೆವು. ಇಂದಿರಾ ಗೆದ್ದ ಕ್ಷೇತ್ರ ಆ ಹೆಸರಲ್ಲಿ ಈಗ ಇಲ್ಲ. 2008ರ ಪುನರ್ವಿಂಗಡಣೆಯಲ್ಲಿ ಉಡುಪಿ-ಚಿಕ್ಕಮಗಳೂರು ಆಯಿತು, ಕಡೂರು ಹಾಸನಕ್ಕೆ ಸೇರಿತು. ಇನ್ನೊಂದು ಮಜಾ ಇದೆ. ಇಲ್ಲಿ ಗೆದ್ದವರಿಗೆ ಬೆಂಗಳೂರು ಉತ್ತರದ ದಾರಿ ಚೆನ್ನಾಗಿ ಗೊತ್ತು. 2009ರಲ್ಲಿ ಚಂದ್ರೇಗೌಡರು, 2014ರಲ್ಲಿ ಸದಾನಂದ ಗೌಡರು, 2024ರಲ್ಲಿ ಶೋಭಾ ಕರಂದ್ಲಾಜೆ. ಮೂವರೂ ಅದಕ್ಕೆ ಮುಂಚೆ ಚಿಕ್ಕಮಗಳೂರಿನ ವೋಟಿನಿಂದ ಲೋಕಸಭೆಗೆ ಹೋಗಿದ್ದವರು.

ಅಂಗಡಿಯಲ್ಲಿ ಕಾಫಿಪುಡಿ ಬೀಸುವುದನ್ನು ಕಾಯುತ್ತಾ ಇದನ್ನೇ ಹೇಳುತ್ತಿದ್ದೆ. ಚಿಕೋರಿ ಒಂದು ಚಮಚವೂ ಬೇಡ ಅಂತ ಹೇಳಿ ಬಂದು ಚಿಕ್ಕಪ್ಪ ಕೇಳಿದರು:

“2009ರಲ್ಲಿ ನೀನು ಹೆಬ್ಬಾಳದಲ್ಲಿದ್ದೆ ಅಲ್ವಾ? ಅದು ಬೆಂಗಳೂರು ಉತ್ತರಾನೇ. ವೋಟು ಯಾರಿಗೆ ಹಾಕ್ದೆ?”

ಏಪ್ರಿಲ್ 23, ಗುರುವಾರ. ಮತದಾನಕ್ಕೆ ರಜೆ ಇತ್ತು. ಶುಕ್ರವಾರ ಒಂದು ದಿನ ಆಫೀಸಿಗೆ ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತಿತ್ತು.

“ಹಾಕ್ಲಿಲ್ಲ” ಅಂದೆ. “ಫ್ರೆಂಡ್ಸ್ ಜೊತೆ ಟ್ರಿಪ್ ಹೋಗಿದ್ದೆ.”

“ಎಲ್ಲಿಗೆ?”

“ಇಲ್ಲಿಗೇ. ಚಿಕ್ಕಮಗಳೂರಿಗೆ.”

ಅವರು ಪೊಟ್ಟಣ ತಗೊಂಡು, ಮಫ್ಲರ್ ಸುತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಬೆಳಿಗ್ಗೆಯಿಂದ ಮುಂದಿನ ಸೀಟಿನಲ್ಲಿದ್ದವರು.