ಗ್ರಾಮಕ್ಕೆ ಬಸ್ಸಿದೆ, ಎಷ್ಟು ಮನೆಗಿದೆ?

2011ರ ಜನಗಣತಿಯ ಗ್ರಾಮ ಕೈಪಿಡಿಯಲ್ಲಿ ಬಸ್ ಸೌಕರ್ಯಕ್ಕೊಂದು ಕಾಲಂ ಇದೆ. ಗ್ರಾಮದೊಳಗೆ ಬಸ್ ಬಂದರೆ ‘ಇದೆ’. ಇಲ್ಲದಿದ್ದರೆ ದೂರಕ್ಕೆ ಮೂರೇ ಗುರುತು: 5 ಕಿ.ಮೀ. ಒಳಗೆ, 5ರಿಂದ 10, 10ಕ್ಕಿಂತ ಹೆಚ್ಚು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಕಡೆಯ ಹಳ್ಳಿಗಳಿಗೆ ಈ ಲೆಕ್ಕ ಸರಿಹೋದೀತು. ಅಲ್ಲಿ ಮನೆಗಳು ಒತ್ತೊತ್ತಾಗಿವೆ, ಊರ ಬಾಯಿಗೆ ಬಸ್ ಬಂದರೆ ಹೆಚ್ಚುಕಡಿಮೆ ಎಲ್ಲರಿಗೂ ಬಂದಂತೆ.

ಕಾಸರಗೋಡಿನಲ್ಲಿ ಹಾಗಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಸುತ್ತ ಊರೆಂದರೆ ಗುಡ್ಡೆ, ಬೈಲು, ತೋಟಗಳ ನಡುವೆ ಚೆದುರಿದ ಮನೆಗಳು. ಅದರ ಮೇಲೆ, ಕೇರಳದ ಗ್ರಾಮಗಳೇ ದೊಡ್ಡವು: 2011ರಲ್ಲಿ ಸುಮಾರು 1.75 ಕೋಟಿ ಗ್ರಾಮೀಣ ಜನಕ್ಕೆ ಇದ್ದದ್ದು 1,018 ಗ್ರಾಮ, ಅಂದರೆ ಸರಾಸರಿ 17 ಸಾವಿರ ಜನ. ಅಂಥ ಗ್ರಾಮದ ಒಂದು ಮೂಲೆಯಲ್ಲಿ ಬಸ್ ಹಾದುಹೋದರೂ ಇಡೀ ಗ್ರಾಮಕ್ಕೆ ‘ಇದೆ’.

ಹಾಗಾಗಿ ಬಸ್ಸಿಗೆ ಅರ್ಜಿ ಬರೆಯುವವರು ಗ್ರಾಮದ ಜನಸಂಖ್ಯೆಯಿಂದ ಶುರುಮಾಡಬಾರದು, ಸ್ಟಾಪಿನಿಂದ ಮಾಡಬೇಕು. ಪ್ರತಿ ಸ್ಟಾಪಿನಿಂದ ಕಾಲುದಾರಿಯಲ್ಲೇ ನಡೆದು, 500 ಮೀಟರ್ ಒಳಗಿನ ಮನೆ, ಒಂದು ಕಿ.ಮೀ. ಒಳಗಿನ ಮನೆ, ಅದರಾಚೆಯ ಮನೆ ಎಂದು ಬೇರೆಬೇರೆ ಪಟ್ಟಿ ಮಾಡಿ. ಮೊಬೈಲಿನ ನಕ್ಷೆಯಲ್ಲಿ ಗೆರೆ ಎಳೆದು ಅಳೆದರೆ ಗುಡ್ಡೆ ಲೆಕ್ಕಕ್ಕೇ ಬರುವುದಿಲ್ಲ. ಸಮತಟ್ಟಿನಲ್ಲಿ ಒಂದು ಕಿ.ಮೀ.ಗೆ 12–15 ನಿಮಿಷ ಸಾಕು. 100 ಮೀಟರ್ ಎತ್ತರ ಏರುವುದಿದ್ದರೆ ಇನ್ನೂ 10 ನಿಮಿಷ ಸೇರಿಸಿ. ವಯಸ್ಸಾದವರಿಗೆ ಇದೂ ಕಡಿಮೆಯೇ.

ಮಳೆಗಾಲದ ಪಟ್ಟಿ ಬೇರೆಯೇ ಬೇಕು. ಬೇಸಿಗೆಯಲ್ಲಿ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ಮಕ್ಕಳು ಓಡಿ ದಾಟುತ್ತಾರೆ. ಆಷಾಢದಲ್ಲಿ ಅದೇ ಮರ ಪಾಚಿ ಹಿಡಿದು ಜಾರುತ್ತದೆ, ನೀರು ಏರಿದರೆ ಸಂಕವೇ ಕೊಚ್ಚಿಹೋಗುತ್ತದೆ. ಆಗ 300 ಮೀಟರಿನ ದಾರಿ ಮೋರಿ ಇರುವಲ್ಲಿಗೆ ಸುತ್ತಿ ಎರಡು ಕಿ.ಮೀ. ಆದೀತು. ಜನವರಿಯಲ್ಲಿ ಅಳೆದ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ, ಅರ್ಜಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ.

ತಲೆ ಎಣಿಕೆಯಲ್ಲೂ ತೊಡಕಿದೆ. 2021ರ ಗಣತಿ ನಡೆಯಲಿಲ್ಲ. ಈಚೆಗೆ ವಾರ್ಡುಗಳ ಗಡಿಯೂ ಬದಲಾದ್ದರಿಂದ ಹಳೆಯ ವಾರ್ಡಿನ ಸಂಖ್ಯೆಯನ್ನು ಹೊಸ ವಾರ್ಡಿಗೆ ಹಚ್ಚಿದರೆ ತಪ್ಪುತ್ತದೆ. ಮತದಾರರ ಪಟ್ಟಿಯಲ್ಲಿ ಶಾಲಾ ಮಕ್ಕಳಿರುವುದಿಲ್ಲ. ಬಸ್ಸಿಗೆ ಕಾಯುವವರೋ, ಮುಖ್ಯವಾಗಿ ಅವರೇ. ಅಂಗನವಾಡಿ, ಶಾಲೆಯ ಲೆಕ್ಕ ಸೇರಿಸಿಕೊಂಡು ಮನೆಮನೆಗೆ ಹೋಗುವುದೊಂದೇ ದಾರಿ. ಕೊಲ್ಲಿ ದೇಶಗಳಲ್ಲಿ ದುಡಿಯುವವರನ್ನು ಬೇರೆ ಬರೆದುಕೊಳ್ಳಿ, ದಿನದ ಪ್ರಯಾಣಿಕರ ಲೆಕ್ಕಕ್ಕೆ ಅವರು ಬರುವುದಿಲ್ಲ.

ಇನ್ನು ಟ್ರಿಪ್ಪುಗಳು. ಬೆಳಿಗ್ಗೆ ಹೋಗುವ ಬಸ್ಸನ್ನು ಎಲ್ಲರೂ ಎಣಿಸುತ್ತಾರೆ, ಸಂಜೆ ವಾಪಸಿನದ್ದನ್ನು ಮರೆಯುತ್ತಾರೆ. ಕೊನೆಯ ಬಸ್ ಎಷ್ಟು ಗಂಟೆಗೆ, ಭಾನುವಾರ ಓಡುತ್ತದೆಯೇ, ಇವೆರಡನ್ನು ಪ್ರತಿ ಸ್ಟಾಪಿಗೂ ಬರೆಯಿರಿ. ವಿಟ್ಲ, ಪುತ್ತೂರು, ಮಂಗಳೂರಿಗೆ ಹೋಗುವವರ ಕಾಲಂ ಪ್ರತ್ಯೇಕವಿರಲಿ. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ. ಎರಡೂ ಸರ್ಕಾರಗಳ ಒಪ್ಪಂದದ ಚೌಕಟ್ಟು ಬೇಕು. ಗಡಿ ದಾಟುವ ಬೇಡಿಕೆಯನ್ನು ಒಳಗಿನ ಬೇಡಿಕೆಯ ಜೊತೆ ಒಂದೇ ಅರ್ಜಿಯಲ್ಲಿ ಕಟ್ಟಿದರೆ ಎರಡೂ ನಿಂತೇಬಿಡಬಹುದು.

ರಸ್ತೆ ಆಗಿದ್ದರೆ ಬಸ್ ಬಂದೀತೆಂಬ ನಂಬಿಕೆಯೂ ಬೇಡ. ಮೂರು ಮೀಟರ್ ಅಗಲದ ಕಾಂಕ್ರೀಟಿನಲ್ಲಿ ಜೀಪು, ರಿಕ್ಷಾ ಸುಖವಾಗಿ ಹೋಗುತ್ತವೆ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಬಸ್ಸಿಗೆ ಸರಿಯಲು ಜಾಗವಿಲ್ಲ. ದಾರಿಯ ಕೊನೆಯಲ್ಲಿ ದೊಡ್ಡ ಬಸ್ ಒಂದೇ ಏಟಿಗೆ ತಿರುಗಬೇಕಾದರೆ ಸುಮಾರು 25 ಮೀಟರ್ ಅಡ್ಡಗಲದ ಸಮತಟ್ಟು ಜಾಗ ಬೇಕು. ಶಾಲೆಯ ಅಥವಾ ಭಜನಾ ಮಂದಿರದ ಅಂಗಳ ಅಷ್ಟಿದ್ದರೆ ಅವರ ಒಪ್ಪಿಗೆ ಪತ್ರವನ್ನು ಮೊದಲೇ ಪಡೆದು ಅರ್ಜಿಗೆ ಲಗತ್ತಿಸಿ.