ದರೋಜಿ ಕರಡಿಗಳು ಮತ್ತು ಬಾಡಿಗೆಯ ಲೆನ್ಸ್

ಬೆಂಗಳೂರಿನ ಅಂಗಡಿಯೊಂದರಿಂದ ಬಾಡಿಗೆಗೆ ತಂದ 150-600 ಮಿ.ಮೀ. ಜೂಮ್ ಲೆನ್ಸಿನಲ್ಲಿ ಮೊದಲ ದಿನ ದರೋಜಿಯಲ್ಲಿ ತೆಗೆದ 120 ಕರಡಿ ಚಿತ್ರಗಳಲ್ಲಿ ಒಂದೂ ಚೊಕ್ಕವಾಗಿ ಬರಲಿಲ್ಲ. ಲೆನ್ಸೇ ಕೆಟ್ಟಿದೆ ಎಂದುಕೊಂಡು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದಿದ್ದೆ. ತಪ್ಪು ಲೆನ್ಸಿನದಲ್ಲ, ನಾನು ಆರಿಸಿಕೊಂಡ ಹೊತ್ತಿನದು ಎಂಬುದು ಮೂರನೆಯ ದಿನ ಮತ್ತೆ ಹೋದಾಗ ತಿಳಿಯಿತು.

ಹಂಪಿಯ ಪಕ್ಕದ ಕಮಲಾಪುರದಿಂದ ಆಟೋ ಹಿಡಿದು ತಲುಪಬಹುದಾದ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಮಧ್ಯಾಹ್ನ ಸಿಬ್ಬಂದಿ ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಅದನ್ನು ನೆಕ್ಕಲು ಇಳಿದು ಬರುವ ಕರಡಿಗಳನ್ನು ನಾವು ಎದುರಿನ ವೀಕ್ಷಣಾ ಗೋಪುರದಿಂದ ನೋಡಬೇಕು. (ಚಿತ್ರದ ಅಡಿಬರಹದಲ್ಲಿ ಬೆಲ್ಲದ ವಿಷಯವನ್ನು ಮುಚ್ಚಿಡುವವರನ್ನು ಕಂಡರೆ ನನಗಾಗದು.) ದೂರ ಹೆಚ್ಚು ಎಂಬ ಕಾರಣಕ್ಕೆ ಎಲ್ಲರೂ ಉದ್ದದ ಲೆನ್ಸಿಗೆ ಆಸೆಪಡುತ್ತಾರೆ. ಆದರೆ ಮೂರು ಗಂಟೆಯ ಬಿಸಿಲಿನಲ್ಲಿ ಕಾದ ಬಂಡೆಗಳ ಮೇಲೆ ಗಾಳಿ ನಡುಗುತ್ತಿರುವಾಗ, ಲೆನ್ಸ್ ಕರಡಿಯ ಜೊತೆಗೆ ಆ ನಡುಕವನ್ನೂ ಹಿಗ್ಗಿಸುವುದರಿಂದ, ಕೂದಲೆಲ್ಲ ನೀರಿನಲ್ಲಿ ಕದಡಿದ ಕಾಡಿಗೆಯಂತೆ ಕಾಣುತ್ತದೆ. ಲೆನ್ಸಿಗೆ ಜೋಡಿಸಿ ದೃಶ್ಯವನ್ನು ಇನ್ನಷ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಇದಕ್ಕೆ ಮದ್ದಲ್ಲ. ಐದು ಗಂಟೆಯ ಮೇಲೆ, ಬಂಡೆ ತುಸು ತಣಿದಾಗ, ನನ್ನದೇ ಹಳೆಯ 70-300 ಲೆನ್ಸನ್ನು ಕ್ರಾಪ್ ಸೆನ್ಸರಿನ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ ಹಾಕಿ ತೆಗೆದ ಚಿತ್ರದಲ್ಲಿ ಕರಡಿಯ ಎದೆಯ ಬಿಳಿಯ ಗುರುತು ಸ್ಪಷ್ಟವಾಗಿ ಮೂಡಿತ್ತು.

ಇನ್ನೊಂದು ತೊಡಕು ಬಣ್ಣದ್ದು. ಚೌಕಟ್ಟಿನ ತುಂಬ ತಿಳಿ ಬಣ್ಣದ ಬಂಡೆಯೇ ಇರುವಾಗ ಕ್ಯಾಮೆರಾ ಅದಕ್ಕೆ ತಕ್ಕಂತೆ ಬೆಳಕನ್ನು ತಗ್ಗಿಸುತ್ತದೆ, ಕರಡಿ ಬರಿಯ ಕಪ್ಪು ಗುಡ್ಡೆಯಾಗುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಏರಿಸಿ, ಆಮೇಲೆ ತಿದ್ದಲು ಅನುವಾಗುವ ರಾ ಫೈಲಿನಲ್ಲೇ ತೆಗೆಯಿರಿ. 600 ಮಿ.ಮೀ.ನಲ್ಲಿ ಶಟರ್ ವೇಗ 1/1000ಕ್ಕಿಂತ ಇಳಿಯದಿರಲಿ. ಐಎಸ್ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಏರಿದರೆ ಏರಲಿ.

ಟ್ರೈಪಾಡ್ ಹೊತ್ತು ಹೋಗಬೇಡಿ. ಗೋಪುರದಲ್ಲಿ ಯಾರಾದರೂ ನಡೆದಾಡಿದರೆ ಆ ಅದುರು ಟ್ರೈಪಾಡಿನ ಕಾಲುಗಳಿಂದ ನೇರ ಲೆನ್ಸಿಗೇ ಏರುತ್ತದೆ, ಭಾನುವಾರವಂತೂ ಅಲ್ಲಿ ಜಾತ್ರೆಯ ಗದ್ದಲ. ಖಾಲಿ ಬಟ್ಟೆಚೀಲವೊಂದನ್ನು ಒಯ್ದು, ಅಲ್ಲೇ ಕಾಳು ತುಂಬಿಸಿ, ಕಟ್ಟೆಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದರೆ ಸಾಕು. ನನ್ನ ಚೀಲಕ್ಕೆ ಎರಡು ಕಿಲೋ ಬಿಳಿಜೋಳ ತುಂಬಿಸಿಕೊಟ್ಟವರು ಕಮಲಾಪುರದ ಸಣ್ಣ ಖಾನಾವಳಿಯೊಂದರ ಅಜ್ಜಿ. ಅಲ್ಲಿಯ ಊಟವನ್ನು ಹೇಳದೆ ಮುಂದೆ ಹೋಗಲಾರೆ: ಕೈಯಲ್ಲಿ ತಟ್ಟಿದ ಬಿಸಿ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಈರುಳ್ಳಿ; ಬೇಡವೆಂದರೂ ಮೂರನೆಯ ರೊಟ್ಟಿ ಬಂದು ಬೀಳುತ್ತದೆ. ಇಷ್ಟಕ್ಕೂ 80 ರೂಪಾಯಿ. ನಾನಿದ್ದ ಕೋಣೆಯಲ್ಲಿ ಎರಡು ಸಾವಿರ ಕೊಟ್ಟರೂ ಫ್ಯಾನ್ ತಿರುಗಲಿಲ್ಲ.

ಲೆನ್ಸನ್ನು ಮರಳಿಸಿದಾಗ ಅಂಗಡಿಯವನು ಹುಡ್ಡಿನ (ಲೆನ್ಸಿನ ಮೂತಿಗೆ ಹಾಕುವ ನೆರಳಿನ ಕವಚದ) ಮೇಲಿದ್ದ ಹಳೆಯ ಗೀರನ್ನು ತೋರಿಸಿ ಠೇವಣಿಯಲ್ಲಿ 3,000 ರೂಪಾಯಿ ಹಿಡಿದುಕೊಂಡ. ಗೀರು ಮೊದಲೇ ಇತ್ತೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಬಾಡಿಗೆಗೆ ಪಡೆಯಲೇಬೇಕೆಂದಿದ್ದರೆ, ಅಂಗಡಿಯ ಮೇಜಿನ ಮೇಲೆಯೇ ಹಿಂದು ಮುಂದಿನ ಗಾಜು, ಹುಡ್ಡು ಮತ್ತು ಕ್ರಮಸಂಖ್ಯೆ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಅಂಗಡಿಯವನ ಎದುರಿಗೇ ಅದನ್ನು ಅವನ ಮೊಬೈಲಿಗೂ ಕಳುಹಿಸಿ.